ಕಿವಿರು ಎತ್ತಿ ನೋಡುವುದು

ಬೆಳಗಿನ ಜಾವ ನಾಲ್ಕಕ್ಕೆ ಧಕ್ಕೆಯಲ್ಲಿ ಏಲಂ ಕೂಗುವವ ನಾನು.
ಬಂಗುಡೆ ಬುಟ್ಟಿಗೆ ಎರಡು ಸಾವಿರ, ಎರಡೂ ಇನ್ನೂರು, ಎರಡೂ ಮುನ್ನೂರು…
ಮುಂದೆ ನಿಂತವನ ಗಂಟಲುಮಣಿ ಅಲುಗಿದರೆ ಸಾಕು,
ಇನ್ನೊಂದು ನೂರು ಅವನಲ್ಲಿ ಉಂಟೆಂದು ಗೊತ್ತಾಗುತ್ತದೆ.
ಹತ್ತು ಗಂಟೆಗೆ ಅದೇ ಬುಟ್ಟಿಗೆ ಅರ್ಧ.
ಮಧ್ಯಾಹ್ನ ಆದರೆ ಮೀನುಹುಡಿಯ ಫ್ಯಾಕ್ಟರಿಯ ಲಾರಿ.

ಕಾಗದ ಹಾಗಲ್ಲ ಮಾರಾಯ್ರೆ.
ಹಳತಾದಷ್ಟೂ ಏರುತ್ತದೆ ಎಂದು ಮೊದಲು ಹೇಳಿದ್ದು
ಬಂದರಿನ ಗುಜರಿಯ ಹಸನಬ್ಬ.
ಕಡಲಕಿಡಿ, ಮೊದಲ ಸಂಚಿಕೆ, ಮುಖಬೆಲೆ ಎಪ್ಪತ್ತೈದು ಪೈಸೆ:
ಲಾಕ್‌ಡೌನಿನಲ್ಲಿ ಮನೆಹಿಡಿದ ಗಂಡಸರೆಲ್ಲ ಹುಡುಗರಾಗಿ
ಅರುವತ್ತು ಸಾವಿರ ಮುಟ್ಟಿಸಿದರು.
ಆಫೀಸು ತೆರೆಯಿತು, ನಲುವತ್ತಕ್ಕೆ ಇಳಿಯಿತು.
ಎರಡನೆಯದನ್ನು ಕೇಳುವವರಿಲ್ಲ.
ಮುಖವಾಡದ ವೈರಿ ಮೊದಲು ಕಾಣಿಸಿಕೊಂಡ ಒಂಬತ್ತನೆಯದು ಮಾತ್ರ
ಒಂದು ದಿನವೂ ಇಳಿದದ್ದಿಲ್ಲ.
ಕೆಟ್ಟವರಿಗೆ ಪೇಟೆ ಯಾವಾಗ ಬಿದ್ದಿದೆ?

ಕೊಳ್ಳುವವರು ಯಾರು ಎಂದೆ.
‘ನಿಮ್ಮ ಪ್ರಾಯದವರೇ, ಐವತ್ತು ದಾಟಿದವರು.
ಇವರು ಮುಗಿದರೆ ಇದೂ ಮುಗಿಯಿತು’
ಎಂದ, ಹಳೇ ಪೇಪರನ್ನು ತಕ್ಕಡಿಗೆ ಏರಿಸುತ್ತಾ.

ನನ್ನದೂ ಒಂದಿತ್ತು. ಹದಿನೇಳನೆಯದು.
ಮಂಜಿಯವರಿಗೆ ಬೀಡಿ, ಬಾಳೆಹಣ್ಣು ಮಾರುತ್ತಿದ್ದ ಸೆವ್ರಿನ್ ಬಾಯಿಯ ಗೂಡಂಗಡಿಯಿಂದ
ದಿನಕ್ಕೆ ಹತ್ತು ಪೈಸೆಯ ಬಾಡಿಗೆಗೆ ತಂದು ಹಿಂದೆ ಕೊಡದೆ ಉಳಿದದ್ದು.
(ಅವಳ ಬಾಕಿ ಇವತ್ತಿಗೆ ಸಾವಿರದ ಆರುನೂರು ಚಿಲ್ಲರೆ.
ಲೆಕ್ಕ ಹಾಕಿದ್ದೇನೆ.)
ಅಪ್ಪೆಗೆ ಓದು ಬಾರದು. ಹೆಡಗೆ ಇಳಿಸಿ ಬಂದು
ಚಿತ್ರ ನೋಡಿ ತುಳುವಿನಲ್ಲಿ ತನ್ನದೇ ಕಥೆ ಕಟ್ಟುವಳು:
ಕಡಲಕಿಡಿ ಮುಳುಗಿದ್ದು ವೈರಿಯನ್ನು ಹಿಡಿಯಲಿಕ್ಕಲ್ಲ,
ಕಳೆದುಹೋದ ಬಲೆ ಹುಡುಕಲಿಕ್ಕೆ.
ಮುಖವಾಡದವನು ಬಡ್ಡಿಯ ಸಾಹುಕಾರ.
ದೈತ್ಯ ಬೊಂಡಾಸು ಬರುವ ಪುಟದಲ್ಲಿ ಹೆಬ್ಬೆರಳು ಊರಿ
ಬೂತಾಯಿಯ ಎಣ್ಣೆ ಇಳಿಸಿದಳು.
ಹಾಳು ಮಾಡಿದೆಯಲ್ಲ ಎಂದು ಬೈದಿದ್ದೆ.
ಅಣ್ಣನ ಮದುವೆಗೆ ಸುಣ್ಣ ಬಳಿಯುವಾಗ ಅದು ಗುಜರಿಗೆ ಹೋಯಿತು.

ಹೋದ ಆದಿತ್ಯವಾರ ರಾತ್ರಿ ಫೋನಿನಲ್ಲಿ ಬಂತು:
ಹದಿನೇಳು. ಪಿನ್ನಿಗೆ ಉಪ್ಪುಗಾಳಿಯ ತುಕ್ಕು.
ಮುಖಪುಟದಲ್ಲಿ ಅರ್ಧ ಅಳಿದ ಅಂಗಡಿಯ ಮೊಹರು.
ಒಳಪುಟದಲ್ಲಿ ಎಣ್ಣೆಯ ಕಲೆ. ದರ್ಜೆ ಹತ್ತಕ್ಕೆ ಮೂರು.
ಕಲೆಯಿಲ್ಲದ್ದು ಕಳೆದ ತಿಂಗಳು ಹನ್ನೆರಡು ಸಾವಿರಕ್ಕೆ ಹೋಗಿತ್ತು.
ಇದು ಎರಡರಿಂದ ಶುರು.

ಇಂಥ ಏಲಂ ನಾನು ಕಂಡದ್ದಿಲ್ಲ.
ಕೂಗಿಲ್ಲ, ಗಂಟಲುಮಣಿಯಿಲ್ಲ,
ಪರದೆಯ ಮೇಲೆ ಅಂಕಿ ಮಾತ್ರ ಮಗುಚುತ್ತದೆ.
ಪುಣೆಯಲ್ಲೋ ಪಾಲಕ್ಕಾಡಿನಲ್ಲೋ ನನ್ನ ಹಾಗೇ ಒಬ್ಬ
ಬನಿಯನ್ನಿನಲ್ಲಿ ಕೂತು ಬೆರಳು ಒತ್ತುತ್ತಿದ್ದ.
ಮೂರೂ ನಾನೂರಕ್ಕೆ ಬಿಟ್ಟ.
ಕೂಗುವವ ನಾನಾಗಿದ್ದರೆ
ಇನ್ನೊಂದು ಐನೂರು ಅವನ ಬಾಯಿಂದ ಹೊರಡಿಸುತ್ತಿದ್ದೆ.

ಬಂದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ, ಅಂಚು ಬೆಸೆದು.
ಒಡೆದರೆ ದರ್ಜೆ ಹೋಯಿತು ಎಂದ ಹಸನಬ್ಬ, ಬೆಲೆ ಅರ್ಧ.
ಹಾಗೇ ಇಡಿ, ಐದು ವರ್ಷಕ್ಕೆ ಎರಡು ಪಟ್ಟು.
ಮೂರು ದಿನ ಇಟ್ಟೆ, ಅಕ್ಕಿಡಬ್ಬದ ಮೇಲೆ.
ಕಿವಿರು ಎತ್ತಿ ನೋಡದೆ ಮೀನು ಕೊಂಡವನಲ್ಲ ನಾನು.
ನಾಲ್ಕನೆಯ ರಾತ್ರಿ ಐಸು ಒಡೆಯುವ ಉಳಿ ತಂದೆ.

ಮೊದಲು ಮೂಸಿದೆ. ನುಸಿಗುಳಿಗೆಯ ವಾಸನೆ, ಅಷ್ಟೇ.
ಕಲೆ ಉಂಟು, ಹೆಬ್ಬೆರಳಿನಷ್ಟೇ ಅಗಲ.
ಬೊಂಡಾಸಿನ ಪುಟದಲ್ಲಲ್ಲ.
ಕೊನೆಗೆ, ಕಡಲಕಿಡಿ ದಡ ಹತ್ತಿ
ಒಬ್ಬನೇ ಕೂತು ಒದ್ದೆ ಅಂಗಿ ಹಿಂಡುವಲ್ಲಿ.

ನಾನು ತಪ್ಪು ನೆನಪಿಟ್ಟೆನೋ,
ಉಳ್ಳಾಲದಲ್ಲೋ ಮಲ್ಪೆಯಲ್ಲೋ ಇನ್ನೊಬ್ಬಳು
ಇಲ್ಲಿಗೆ ಬಂದು ಬೆರಳು ಊರಿ ನಿಂತಳೋ.
ಎಷ್ಟು ಹೊತ್ತು ನಿಂತಳೋ,
ಎಣ್ಣೆ ಹಿಂದಿನ ಎರಡು ಹಾಳೆಗೂ ಇಳಿದಿದೆ.

ಮೂರೂವರೆ. ಅಳಿವೆಬಾಗಿಲಲ್ಲಿ ಬೋಟುಗಳ ಸದ್ದು.
ಬೂತಾಯಿ ಈ ವರ್ಷ ಕಡಿಮೆ, ರೇಟು ಉಂಟು.
ದವಡೆಗೆ ಒಂದು ತುಂಡು ಶುಂಠಿ ಇಟ್ಟುಕೊಂಡು ಹೊರಟೆ.