ಪರಪೋಷಕ

ಜಾವಗಲ್ಲಿನ ಹೈಸ್ಕೂಲು, ಒಂಬತ್ತನೇ ಕ್ಲಾಸು,
ಕಿರುಪರೀಕ್ಷೆಯ ಮೂವತ್ತೊಂದು ಪೇಪರು.
ಮೂರನೇ ಪ್ರಶ್ನೆ: ಪರಪೋಷಕ ಎಂದರೇನು? ಉದಾಹರಣೆ ಕೊಡಿ.

ಎಲ್ಲರದೂ ಒಂದೇ ಪಾಠ:
ತನ್ನ ಆಹಾರ ತಾನೇ ತಯಾರಿಸಲಾರದ ಜೀವಿ.
ಹಸು. ಹಸು. ಹುಲಿ. ಮತ್ತೆ ಹಸು.
ತರನ್ನುಮ್ ಮಾತ್ರ ಬರೆದಿದ್ದಾಳೆ:
"ಪರರನ್ನು ಪೋಷಿಸುವವರು.
ಉದಾ: ನಮ್ಮ ಬಿಸಿಯೂಟದ ಸಣ್ಣತಾಯಮ್ಮ."

ಕೆಂಪು ಪೆನ್ನು ಎತ್ತಿದವಳು ಹಾಗೇ ಹಿಡಿದಿದ್ದೆ.
ಪಕ್ಕದ ಕುರ್ಚಿಯಿಂದ ಕನ್ನಡ ಮೇಷ್ಟ್ರು ತೀರ್ಥೇಗೌಡರು
ಇಣುಕಿ, ಕನ್ನಡಕ ಹಣೆಗೇರಿಸಿ,
"ವಿಗ್ರಹವಾಕ್ಯ ಸರಿಯಾಗೇ ಇದೆಯಲ್ಲ ಮೇಡಂ,
ತಪ್ಪಿರೋದು ನಿಮ್ಮ ವಿಜ್ಞಾನ" ಅಂದರು,
ನಶ್ಯದ ಡಬ್ಬಿ ತಟ್ಟುತ್ತ.

ಹೌದು. ಪದ ಕಟ್ಟಿದವರು ಯಾರೋ,
ಉಣ್ಣುವವನಿಗೆ ಉಣಿಸುವವಳ ಹೆಸರಿಟ್ಟುಬಿಟ್ಟರು.
ಎಲೆಗೆ ಸ್ವಪೋಷಕ ಅಂದರು,
ತನ್ನ ಪಾಡು ತಾನು ನೋಡಿಕೊಳ್ಳುವುದೆಂದು;
ಅದರ ಬೆನ್ನಿಗೆ ಬಿದ್ದವರು ಎಷ್ಟು ಮಂದಿ!
ಕಂಬಳಿಹುಳದಿಂದ ಹಿಡಿದು ಡಿಡಿಪಿಐವರೆಗೆ.

ಹನ್ನೆರಡೂ ಮುಕ್ಕಾಲಿಗೆ ಒಗ್ಗರಣೆ ಚಟಪಟ.
ಆಲೂಗಡ್ಡೆ ಸಾರಿನ ಹಬೆಯಲ್ಲಿ ಸಣ್ಣತಾಯಮ್ಮ,
ಸೌಟು ಹಿಡಿದ ಮುಂಗೈಯಲ್ಲಿ ಹಳೆಯ ಸುಟ್ಟಕಲೆ.
ಇನ್ನೂರ ಹದಿನಾಲ್ಕು ತಟ್ಟೆ ಮುಗಿದ ಮೇಲೆ
ತಳ ಹಿಡಿದ ಅನ್ನ ಕೆರೆದು
ನಿಂತೇ ಉಣ್ಣುತ್ತಾಳೆ, ದಿನಾ.

ಪಠ್ಯದ ಪ್ರಕಾರ ಸೊನ್ನೆ.
ಅರ್ಧ ಅಂಕ ಹಾಕಿದೆ, ಹೊಡೆದೆ, ಒಂದು ಹಾಕಿದೆ.
ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪುಸ್ತಕದ ಅರ್ಥವನ್ನೂ ಬರೆದೆ:
ದೊಡ್ಡ ಪರೀಕ್ಷೆಯಲ್ಲಿ ಹುಡುಗಿಗೆ ಅದೇ ಬೇಕು.

ತಟ್ಟೆ ತಗೊಂಡು ಸಾಲಿನ ಕೊನೆಗೆ ನಿಂತೆ.
"ಸಾರು ಸಾಕಾ ಮಿಸ್ಸು?"
ಇನ್ನೊಂದು ಸೌಟು ಅಂದೆ,
ಪುಸ್ತಕದ ಅರ್ಥದ ಪರಪೋಷಕಿ.