ಹದಿನಾಲ್ಕನೇ ಫೋಟೊ

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿಗೆ ಬಸ್ಸು
ನನ್ನನ್ನು ಉಗುಳಿ ಹೋದಾಗ ಏಳೂ ಮುಕ್ಕಾಲು.
ಫೋನನ್ನು ಎದೆಯೆತ್ತರಕ್ಕೆ ಹಿಡಿದೆ,
ತುಂಬಿದ ಲೋಟ ಹಿಡಿದವಳ ಹಾಗೆ.
ಪರದೆಯೊಳಗೆ, ಹುಲ್ಲಿಗಿಂತ ಗೇಣು ಮೇಲೆ,
ಒಂದು ನೀಲಿ ಬಾಣ ತೇಲಿತು.
ಇಬ್ಬನಿ ತಾಗದೆ, ನೆರಳು ಬೀಳದೆ
'ಇತ್ತ' ಎಂದಿತು.

ಬೆರಳು ಮೇಲೆಳೆದರೆ ಫಿಲೋಮಿನಾ ತೆಗೆದ ಫೋಟೊಗಳು,
ಒಟ್ಟು ಮೂವತ್ತೊಂದು.
ಫೆಬ್ರವರಿಯಲ್ಲಿ ಒಬ್ಬಳೇ ನಡೆದು
ತಿರುವಿಗೊಂದು ತೆಗೆದು, ಅಡಿಗೊಂದು ಸಾಲು ಬರೆದಿದ್ದಾಳೆ.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ
ಯಾರನ್ನೋ ಯಾರಿಗೋ ಜೋಡಿಸಿದವಳ ಭಾಷೆ:
'ಜಾಲಿ ಮರ. ಬಲಕ್ಕೆ.'
'ಮುರಿದ ಕಲ್ಲುಕಂಬ. ನೇರ.'
'ನಾಯಿ ಇರುತ್ತೆ. ಹೆದರಬೇಡ. ಹೆಸರು ರಾಣಿ.'

ಆಪಿನಲ್ಲಿ ಒಂದು ಚಮತ್ಕಾರವಿದೆ.
ಅವಳ ಫೋಟೊ ಹಾಲಿನ ಕೆನೆಯ ಹಾಗೆ ತೆಳುವಾಗಿ
ನನ್ನೆದುರಿನ ಬಯಲ ಮೇಲೆ ಹರಡಿಕೊಳ್ಳುತ್ತದೆ.
ದಿಣ್ಣೆಗೆ ದಿಣ್ಣೆ ಕೂಡಿಸಬೇಕು,
ಕರೆಂಟು ಕಂಬಕ್ಕೆ ಕರೆಂಟು ಕಂಬ.
ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ,
ಮಂಡಿ ತುಸು ಬಗ್ಗಿಸಿ (ಅವಳು ನನಗಿಂತ ಕುಳ್ಳಿ),
ಆಗ ಟಕ್ಕನೆ ಕೂಡುತ್ತದೆ.
ಅವಳು ನಿಂತಲ್ಲೇ ನಾನು ನಿಂತಿರುತ್ತೇನೆ.

ಕೂಡದ್ದು ಬಣ್ಣ.
ಅವಳದು ರಾಗಿ ಹೊಟ್ಟಿನ ಬಣ್ಣದ ಹುಲ್ಲು, ಬಿರುಕುಬಿಟ್ಟ ಗಾಡಿಜಾಡು.
ನನ್ನದು ಸೆಪ್ಟೆಂಬರು: ಜಾಡಿನ ತುಂಬ ನೀರು,
ನೀರಿನ ತುಂಬ ಗೊದಮೊಟ್ಟೆ.
ಹತ್ತನೇ ಫೋಟೊದ ಒಂಟಿ ಹುತ್ತಕ್ಕೆ
ಪಕ್ಕದಲ್ಲೊಂದು ಮರಿ ಎದ್ದಿದೆ, ಯಾರೋ ಅರಿಶಿನ ಹಾಕಿದ್ದಾರೆ.
ಬಾಣಕ್ಕೆ ಇದೊಂದೂ ಗೊತ್ತಿಲ್ಲ.
ಗೊದಮೊಟ್ಟೆಗಳ ಮೇಲೇ ನಡೆ ಅನ್ನುತ್ತದೆ.

ಹದಿನಾಲ್ಕನೆಯದು:
'ಹೊಂಗೆ ಮರ. ಕೂತು ನೀರು ಕುಡಿ. ಆಮೇಲೆ ಎಡಕ್ಕೆ.'

ಫೋನು ಎತ್ತಿದೆ. ಮರ.
ಇಳಿಸಿದೆ. ಸಿಮೆಂಟು ಇಟ್ಟಿಗೆಯ ಗೋಡೆ, ಸುಣ್ಣದಲ್ಲಿ ಬರೆದ ಸೈಟು ನಂಬರು.
ಎತ್ತಿದೆ, ಇಳಿಸಿದೆ,
ಕೂಸಿನ ಮುಂದೆ ಸೆರಗು ಮುಚ್ಚಿ ತೆಗೆದು ಆಡಿಸಿದ ಹಾಗೆ.
ಬಾಣ ಮಾತ್ರ ಸಂಕೋಚವಿಲ್ಲದೆ ಗೋಡೆ ಹೊಕ್ಕು
ಆಚೆ ಬದಿಯಿಂದ ಕರೆಯುತ್ತಿತ್ತು.

'ಏನು ಹುಡ್ಕಲತ್ತೀರಿ ಮೇಡಂ?'
ಕಾವಲಿನವನು. ಯಾದಗಿರಿ ಕಡೆಯ ಸಾಬಣ್ಣ.
ಜೂನಿನಲ್ಲಿ ಬಂದನಂತೆ, ಗೋಡೆ ಆಗಲೇ ಇತ್ತಂತೆ.
ತೋರಿಸಿದೆ.
ಫೋನು ಈಸಿಕೊಂಡು ಆ ಕಡೆ ಈ ಕಡೆ ತಿರುಗಿಸಿದ,
ತನ್ನ ತಗಡಿನ ಶೆಡ್ಡಿನ ಮೇಲೆ ಕೊಂಬೆಗಳು ಬಾಗಿದ್ದು ನೋಡಿ
ಒಮ್ಮೆ ಮೇಲೆ ನೋಡಿದ, ಬರಿಗಣ್ಣಿನಲ್ಲಿ.
ಅಲ್ಲಿ ಬಿಸಿಲಿತ್ತು.

'ಇದರ ನೆರಳು ಎಲ್ಲಿ ಬೀಳ್ತಿತ್ತು, ನೋಡಿ ಹೇಳ್ರಿ.'
ನಾನು ಪರದೆ ನೋಡುತ್ತ ಹೇಳಿದೆ: ಬಲಕ್ಕೆ. ಇನ್ನೂ ಬಲಕ್ಕೆ. ಹಾಂ, ಅಲ್ಲೇ.
ಅವನು ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದು
ಫೆಬ್ರವರಿಯ ನೆರಳಿನಲ್ಲಿ ಕೂತ.
ಹಣೆಯಲ್ಲಿ ಬೆವರು.
ಇಬ್ಬರಿಗೂ ನಗು ಬಂತು, ಯಾಕೋ ಜಾಸ್ತಿ ಹೊತ್ತು ಉಳಿಯಲಿಲ್ಲ.

ದಾರಿ ಅವನೇ ಹೇಳಿದ: ಗೋಡೆ ಸುತ್ತಿ, ಹಳ್ಳ ಇಳಿದು,
ಜೆಸಿಬಿ ನಿಂತಲ್ಲಿ ಹತ್ತಿ.
ಹೋಗುವ ಮುನ್ನ ಹೊಸ ಹದಿನಾಲ್ಕನ್ನು ತೆಗೆದೆ.
ಅಡಿಯಲ್ಲಿ, ಅವಳ ಹಾಗೆಯೇ ಬರೆಯಲು ನೋಡಿದೆ:
'ಗೋಡೆ. ಕೆಂಪು ಕುರ್ಚಿ. ಸಾಬಣ್ಣನನ್ನು ಕೇಳು.'
ಹಳೆಯದನ್ನು ಅಳಿಸಲೇ ಎಂದು ಆಪು ಕೇಳಿತು.
ಬೇಡ ಅಂದೆ.

ಮತ್ತಿಕೆರೆಯಲ್ಲಿ ಫಿಲೋಮಿನಾ ಹೊಸ ಮಂಡಿಯನ್ನು
ಎರಡು ದಿಂಬಿನ ಮೇಲಿಟ್ಟು ಮಲಗಿದ್ದಾಳೆ.
ನನ್ನ ಚುಕ್ಕೆ ಜರುಗುವುದನ್ನು ನೋಡುವುದೇ
ಈ ತಿಂಗಳು ಅವಳ ನಡಿಗೆ.
ಫೋಟೊ ಕಳಿಸಿದೆ. ಸಿಗ್ನಲ್ ಸಿಕ್ಕು ಉತ್ತರ ಬಂದಾಗ
ನಾನು ಇಪ್ಪತ್ತೆರಡರಲ್ಲಿದ್ದೆ.
ಮರದ ಬಗ್ಗೆ ಒಂದು ಮಾತಿಲ್ಲ.
'ನೀರು ಕುಡಿದ್ಯಾ?'

ಕುಡಿದಿರಲಿಲ್ಲ.
ನಿಂತು, ಬಿಸಿಲಲ್ಲೇ, ಬಾಟಲಿಯ ಮುಚ್ಚಳ ತಿರುಗಿಸಿದೆ.
ಬ್ಯಾಟರಿ ನಾಲ್ಕಕ್ಕಿಳಿದಿತ್ತು, ಬಾಣ ಕಾಯಲಿಲ್ಲ.
ರಾಣಿ ಮಾತ್ರ ಎಲ್ಲಿಂದಲೋ ಬಂದು
ನನ್ನ ಕಾಲು ಮೂಸಿ
ಬೇರೆ ಯಾರನ್ನೋ ಹುಡುಕುವ ಹಾಗೆ ಹಿಂದೆ ನೋಡಿತು.