ಅರವತ್ತು ಕಂತು

ಹದಿನೈದನೇ ತಾರೀಕಿನ ಒಳಗೆ ನನ್ನ ಸ್ಕೂಟರು
ಮುಳ್ಳುಸೋಗೆ, ಮಾದಾಪಟ್ಟಣ, ಗುಡ್ಡೆಹೊಸೂರು ಸುತ್ತಿ
ಕುಶಾಲನಗರದ ಅಂಚೆ ಕಚೇರಿ ಮುಟ್ಟಬೇಕು.
ಚೀಲದಲ್ಲಿ ಎಪ್ಪತ್ತೆರಡು ಪಾಸ್‌ಬುಕ್ಕು,
ರಬ್ಬರ್ ಬ್ಯಾಂಡು, ಸೊಂಟದ ಬೆವರು ಕುಡಿದ ನೋಟು.
ನೂರಕ್ಕೆ ನಾಲ್ಕು ನನ್ನದು,
ಅದರಲ್ಲಿ ಎರಡು ಪೆಟ್ರೋಲಿನದು.

ದುಡ್ಡು ಮುಟ್ಟುವವಳಲ್ಲವೇ, ಎಲ್ಲರೂ ನನ್ನನ್ನೇ ಕೇಳುತ್ತಾರೆ.
ಮಿಕ್ಸಿ ಕೆಟ್ಟಿದೆ, ರಿಪೇರಿಗೆ ಒಂಬೈನೂರು,
ಹೊಸದಕ್ಕೆ ಎರಡೂಕಾಲು ಸಾವಿರ, ಏನು ಮಾಡಲಿ?
ಬಳೆ ಅಡವಿಟ್ಟು ಫೀಸು ಕಟ್ಟಲೋ, ಸಂಘದ ಸಾಲ ಎತ್ತಲೋ?
ನಮ್ಮನೆ ಸಿಲಿಂಡರ್ ಮೂವತ್ತೆಂಟೇ ದಿನ,
ಪಕ್ಕದವರದ್ದು ಐವತ್ತು,
ಅವರೇನು ಹಸಿ ತಿನ್ನುತ್ತಾರಾ?

ಜುಬೈದಾ ಲೆಕ್ಕ ಹಾಕಿದ್ದಾಳೆ:
ಪಿರಿಯಾಪಟ್ಟಣದಲ್ಲಿ ಟೊಮೇಟೊ ಕಿಲೋಗೆ ಎಂಟು ಕಡಿಮೆ,
ಬಸ್ಸು ಹೆಂಗಸರಿಗೆ ಪುಕ್ಕಟೆ,
ಹೋಗಿಬರಲು ಅರ್ಧ ದಿನ.
"ಅರ್ಧ ದಿನಕ್ಕೆ ಎಷ್ಟು ಹಾಕಲಿ?"
ನಾನೇನು ಹೇಳಲಿ.
ಕಿಟಕಿ ಪಕ್ಕ ಕೂತು, ಗಾಳಿಗೆ ಕಣ್ಣು ಮುಚ್ಚಿ,
ಯಾರೂ ಹೆಸರು ಹಿಡಿದು ಕರೆಯದ ಅರ್ಧ ದಿನ.
ಖರ್ಚಿನ ಕಡೆ ಬರೆಯುವುದೋ, ಜಮಾ ಕಡೆಯೋ.

ಪುಟ್ಟೀರಮ್ಮ ಮಾತ್ರ ಏನೂ ಕೇಳಿದವಳಲ್ಲ.
ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜ ಆರಿಸುತ್ತಾಳೆ.
ಕರಿ ಬೀಜ, ಒಡಕು ಬೀಜ, ಹುಳ ಹೊಡೆದದ್ದು,
ಕಣ್ಣು ಎಲ್ಲೋ ಇದ್ದರೂ ಬೆರಳು ಬೇರೆ ಮಾಡುತ್ತದೆ.
ತಿಂಗಳಿಗೆ ಇನ್ನೂರು.
ಅದೂ ಹತ್ತರ ನಾಣ್ಯ ಇಪ್ಪತ್ತು;
ಇದು ನಡೆಯಲ್ಲಮ್ಮಾ ಎಂದು ಅಂಗಡಿಯವರು ತಳ್ಳಿದ್ದನ್ನೆಲ್ಲ
ಬಾಟಲಿಗೆ ತುಂಬಿ ನನಗೆ ಸುರಿಯುತ್ತಾಳೆ.
"ಸರಕಾರ ಅಚ್ಚು ಹಾಕಿದ್ದು
ಸರಕಾರಕ್ಕಾದರೂ ನಡೀಬೇಕಲ್ಲ."
ಒಂದು ಆಗಸ್ಟು ತಪ್ಪಿತು. ದಂಡ ಎರಡು ರೂಪಾಯಿ.
ಆ ಎರಡನ್ನು ಇವತ್ತಿಗೂ ಮಳೆಯ ಲೆಕ್ಕದಲ್ಲಿ ಹೇಳುತ್ತಾಳೆ.

ಯಾತಕ್ಕೆ ಕೂಡಿಡುತ್ತೀ, ಮೂರನೇ ವರ್ಷ ಕೇಳಿದ್ದೆ.
ಸೆರಗು ಬಾಯಿಗೊತ್ತಿ ನಕ್ಕಳು.
ಓಲೆ ಇರಬೇಕು. ಮೊಮ್ಮಗನ ಸೈಕಲ್ಲು?
ತನ್ನ ತಿಥಿಗೆ ತಾನೇ?
ಅಂಥವರೂ ಇದ್ದಾರೆ ನನ್ನ ಚೀಲದಲ್ಲಿ.

ಅರವತ್ತು ಕಂತು ಮುಗಿದು
ಕೌಂಟರಿನ ಆಚೆಯಿಂದ ಈಚೆಗೆ ಬಂತು
ಹದಿಮೂರು ಸಾವಿರದ ಒಂಬೈನೂರ ಮೂವತ್ತೊಂಬತ್ತು.
ಬೀಜ ಆರಿಸುವ ಹಾಗೇ ಆರಿಸಿದಳು,
ಅಂಚು ಹರಿದ ಒಂದು ನೋಟನ್ನು ವಾಪಸು ತಳ್ಳಿದಳು.

ಮುಂದಿನ ತಿಂಗಳು ಆ ಓಣಿಯಲ್ಲಿ ನನಗೇನೂ ಕೆಲಸವಿರಲಿಲ್ಲ.
ಅವಳೇ ಕೂಗಿದಳು.
ಸೆರಗು ಹೆಗಲಲ್ಲೇ ಇತ್ತು.
ಬಾಯಿ ತುಂಬ ಹಲ್ಲು!
ಮೇಲೆ, ಕೆಳಗೆ, ಒಂದೇ ಅಳತೆ,
ಎ ಗ್ರೇಡು, ಒಂದೂ ಕರಿ ಬೀಜವಿಲ್ಲ.
"ಹದಿನಾಲ್ಕು ಸಾವಿರ ಆಯ್ತು.
ಅರವತ್ತೊಂದು ರೂಪಾಯಿ ಕೈಯಿಂದ ಬಿತ್ತು."
ಈ ವಯಸ್ಸಿಗೆ ಬೇಕಿತ್ತಾ ಎಂದು ಮಗಳು ಬೈದಳಂತೆ.

"ಈಗ ಇನ್ನೊಂದು ಪುಸ್ತಕ ಮಾಡು."
ಮತ್ತೆ ಐದು ವರ್ಷವೇ ಅವ್ವಾ?
"ಹಲ್ಲು ಬಂತು. ಇದು ಕಡಲೆಗೆ."
ನಾಮಿನಿ ಅಂದೆ.
"ಮಗಳೇ, ಬರಿ. ಬೈಯಲಿ.
ಹಲ್ಲಂತೂ ಅವಳಿಗೆ ಆಗಲ್ಲ, ದುಡ್ಡಾದರೂ ಆದೀತು."

ಹೊರಟಾಗ ಒಂದು ಹಿಡಿ ಕಡಲೆ ಕೊಟ್ಟಳು,
ಹುರಿದದ್ದು, ಇನ್ನೂ ಬಿಸಿ.
ದಾರಿಯುದ್ದಕ್ಕೂ ಎಡಗಡೆಯಲ್ಲೇ ಅಗಿದೆ.
ಬಲದವಡೆಯಲ್ಲೊಂದು ತೂತಿದೆ,
ರೂಟ್ ಕೆನಾಲಿಗೆ ನಾಲ್ಕು ಸಾವಿರ ಎಂದಿದ್ದರು
ಹೋದ ವರ್ಷದ ಹಿಂದಿನ ವರ್ಷ.
ಬರುವ ತಿಂಗಳು ಎಂದಿದ್ದೆ.
ಎಪ್ಪತ್ತೆರಡರಲ್ಲಿ ನನ್ನ ಹೆಸರಿನದು ಒಂದೂ ಇಲ್ಲ.

ಕೊಪ್ಪ ಸೇತುವೆಯ ಹತ್ತಿರ
ಸ್ಕೂಟರು ರಿಸರ್ವಿಗೆ ಬಂತು.